ಗ್ಲೈಡರ್ ಕಿಟ್: ಸಾಮಗ್ರಿ ಉತ್ತಮ, ಕರಪತ್ರ ತಪ್ಪು

ಕೊಪ್ಪಳದ ಆಟಿಕೆ ಅಂಗಡಿಯೊಂದರಲ್ಲಿ 380 ರೂಪಾಯಿ ಕೊಟ್ಟು ಕೊಂಡ ಈ ಗ್ಲೈಡರ್ (ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ವಿಮಾನ) ಕಿಟ್ಟನ್ನು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಎರಡು ವಾರ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಹಗುರವಾದ ಫೋಮ್‌ನ ಒಡಲು, ಬಾಲ, ಚಪ್ಪಟೆ ರೆಕ್ಕೆ ಒಂದು, ಬೆನ್ನು ಉಬ್ಬಿದ ರೆಕ್ಕೆ ಇನ್ನೊಂದು, ಮೂತಿಗೆ ಭಾರವಾಗಿ ಅಂಟಿಸುವ ಜೇಡಿ ಮತ್ತು ನಾಲ್ಕು ಪುಟಗಳ ಕರಪತ್ರ ಇವೆ. ರೆಕ್ಕೆ ಕೂರುವ ಜಾಗದಲ್ಲಿ ಮೂರು ಕಚ್ಚುಗಳಿದ್ದು, ಅದರ ಮುಂದಿನ ಅಂಚನ್ನು ಹೆಚ್ಚು ಕಡಿಮೆ ಎತ್ತಿ ನಿಲ್ಲಿಸಬಹುದು. ಕೊಟ್ಟ ಹಣ ಈ ಒಂದು ಏರ್ಪಾಡಿಗೇ ಸಲ್ಲುತ್ತದೆ.

ಬಯಲಿನಲ್ಲಿ ಗಾಳಿ ಏಳುವ ಮುನ್ನ, ಬೆಳಿಗ್ಗೆ ಏಳು ಗಂಟೆಗೆ ಪ್ರಯೋಗ ಮಾಡಿದೆವು. ಎಸೆಯುವ ಕೈಯ ವ್ಯತ್ಯಾಸ ತೊಡೆಯಲು ಪ್ರತಿ ಸಲವೂ ಐದು ಎಸೆತಗಳ ಸರಾಸರಿ ತೆಗೆದೆವು. ಚಪ್ಪಟೆ ರೆಕ್ಕೆಯೂ ಹಾರಿತು, ಆದರೆ ಉಬ್ಬಿದ ರೆಕ್ಕೆ ಅದಕ್ಕಿಂತ ಸ್ಪಷ್ಟವಾಗಿ ದೂರ ತೇಲಿತು. ಮೂರನೆಯ ಕಚ್ಚಿನಲ್ಲಿ ಮಾತ್ರ ಗ್ಲೈಡರ್ ಮೂತಿ ಎತ್ತಿ, ಕ್ಷಣ ನಿಂತಂತಾಗಿ, ಧೊಪ್ಪನೆ ಬಿದ್ದಿತು. ರೆಕ್ಕೆ ಎದುರುಗಾಳಿಗೆ ಓರೆಯಾಗಿ ನಿಲ್ಲುವ ಕೋನ ಮಿತಿ ಮೀರಿದಾಗ, ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15 ಡಿಗ್ರಿ ದಾಟಿದಾಗ, ಗಾಳಿಯು ರೆಕ್ಕೆಯ ಬೆನ್ನಿಗೆ ಅಂಟಿ ಹರಿಯಲಾರದೆ ಬಿಟ್ಟುಹೋಗುವುದನ್ನು ಪುಸ್ತಕದ ಯಾವ ಚಿತ್ರವೂ ಮಕ್ಕಳಿಗೆ ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ.

ನನ್ನ ಆಕ್ಷೇಪವಿರುವುದು ಕರಪತ್ರದ ಬಗ್ಗೆ. ರೆಕ್ಕೆಯ ಮೇಲ್ಮೈ ಉದ್ದವಾಗಿರುವುದರಿಂದ ಮೇಲಿನ ಗಾಳಿಯು ಕೆಳಗಿನ ಗಾಳಿಯನ್ನು ಹಿಂದಿನ ಅಂಚಿನಲ್ಲಿ ಅದೇ ಹೊತ್ತಿಗೆ ಕೂಡಿಕೊಳ್ಳಲು ವೇಗವಾಗಿ ಓಡುತ್ತದೆ, ಅದರಿಂದ ಮೇಲೆ ಒತ್ತಡ ಇಳಿದು ರೆಕ್ಕೆ ಮೇಲೇಳುತ್ತದೆ ಎಂದು ಅದರಲ್ಲಿ ಬರೆದಿದೆ. ಮೇಲೆ ವೇಗ ಹೆಚ್ಚು, ಒತ್ತಡ ಕಡಿಮೆ ಎಂಬುದು ನಿಜ. ಕೊಟ್ಟಿರುವ ಕಾರಣ ಮಾತ್ರ ಸುಳ್ಳು. ಎರಡೂ ಹರಿವುಗಳು ಒಟ್ಟಿಗೆ ಸೇರಬೇಕೆಂಬ ನಿಯಮವೇ ಇಲ್ಲ, ವಾಸ್ತವದಲ್ಲಿ ಮೇಲಿನ ಗಾಳಿ ಮೊದಲೇ ಹಿಂದಿನ ಅಂಚು ತಲುಪುತ್ತದೆ. ರೆಕ್ಕೆಯು ತನ್ನ ಆಕಾರದಿಂದಲೂ ಓರೆಯಿಂದಲೂ ಗಾಳಿಯನ್ನು ಬಾಗಿಸಿ ಕೆಳಕ್ಕೆ ತಳ್ಳುತ್ತದೆ, ಅದರ ಪ್ರತಿಕ್ರಿಯೆಯಾಗಿ ತಾನು ಮೇಲಕ್ಕೆ ಒತ್ತಲ್ಪಡುತ್ತದೆ. ಒತ್ತಡದ ವ್ಯತ್ಯಾಸವೂ ಈ ಬಾಗುವಿಕೆಯೂ ಒಂದೇ ಘಟನೆಯ ಎರಡು ಮುಖಗಳು. ಕರಪತ್ರದ ಮಾತು ನಿಜವಾಗಿದ್ದರೆ ಇದೇ ಕಿಟ್ಟಿನ ಚಪ್ಪಟೆ ರೆಕ್ಕೆಯಾಗಲಿ, ಆಷಾಢದ ಗಾಳಿಗೆ ನಮ್ಮ ಮಕ್ಕಳು ಬಿಡುವ ಗಾಳಿಪಟವಾಗಲಿ ಹಾರಬಾರದಿತ್ತು. ಬೀದರಿನ ವಾಯುನೆಲೆಯ ಸೂರ್ಯಕಿರಣ ತಂಡದ ವಿಮಾನಗಳು ತಲೆಕೆಳಗಾಗಿ ಹಾರುವುದೂ ಸಾಧ್ಯವಿರಲಿಲ್ಲ. ಉಬ್ಬಿದ ರೆಕ್ಕೆಯನ್ನು ಮಗುಚಿ ಎರಡನೆಯ ಕಚ್ಚಿಗೆ ಸಿಕ್ಕಿಸಿ ಎಸೆದಾಗ, ದೂರ ಕಡಿಮೆಯಾದರೂ ಅದು ಹಾರಿದ್ದನ್ನು ಕಂಡು ತಪ್ಪನ್ನು ಮೊದಲು ಹೇಳಿದವಳು ನನ್ನ ವಿದ್ಯಾರ್ಥಿನಿ.

ರೆಕ್ಕೆಯ ಉಪಯೋಗಗಳೆಂದು ಕರಪತ್ರ ವಿಮಾನವೊಂದನ್ನೇ ಹೆಸರಿಸುತ್ತದೆ. ಯಲಬುರ್ಗಾ, ಕುಷ್ಟಗಿಯ ಹೊಲಗಳ ನಡುವೆ ನಿಂತಿರುವ ವಿದ್ಯುತ್ ಗಾಳಿಯಂತ್ರಗಳ ಒಂದೊಂದು ಅಲಗೂ ರೆಕ್ಕೆಯೇ. ಅಲ್ಲಿ ಅದೇ ಬಲ ಮೇಲಕ್ಕೆತ್ತುವ ಬದಲು ಸುತ್ತಿಸುತ್ತದೆ. ಅಲಗಿನ ತುದಿ ಬುಡಕ್ಕಿಂತ ಬಹಳ ವೇಗವಾಗಿ ಚಲಿಸುವುದರಿಂದ ಗಾಳಿ ತಾಗುವ ಕೋನ ಉದ್ದಕ್ಕೂ ಬದಲಾಗುತ್ತದೆ, ಅದಕ್ಕಾಗಿಯೇ ಅಲಗನ್ನು ತಿರುಚಿ ಮಾಡಿರುತ್ತಾರೆ. ರೇಸ್ ಕಾರುಗಳು ರೆಕ್ಕೆಯನ್ನು ಮಗುಚಿ ಕೂರಿಸಿ, ಚಕ್ರಗಳು ನೆಲಕ್ಕೆ ಒತ್ತಿಕೊಳ್ಳುವಂತೆ ಮಾಡುತ್ತವೆ.

ಫೋಮ್ ಗಟ್ಟಿಯಾಗಿದೆ, ಬಾಲದ ಬುಡ ಮಾತ್ರ ಮೂರನೆಯ ದಿನ ಸೀಳಿತು. ಸೆಲ್ಲೋ ಟೇಪ್ ಸಾಕಾಯಿತು. ಶಾಲೆಗಳು ಕಿಟ್ಟನ್ನು ಧಾರಾಳವಾಗಿ ಕೊಳ್ಳಬಹುದು, ಆದರೆ ಕರಪತ್ರದ ಎರಡನೆಯ ಪುಟವನ್ನು ಶಿಕ್ಷಕರು ಮೊದಲೇ ತೆಗೆದಿಡಬೇಕು, ಇಲ್ಲವೇ ನಾವು ಮಾಡಿದಂತೆ ಮಗುಚಿದ ರೆಕ್ಕೆಯ ಪ್ರಯೋಗ ಮುಗಿದ ಮೇಲೆ ಅದನ್ನು ಮಕ್ಕಳಿಗೆ ಓದಲು ಕೊಡಬೇಕು.