ಫರ್ನೇಸ್ ಬಾಸ್ಕೆಟ್‌ಗೆ 304 ಸಾಕೇ, 310ಎಸ್ ಬೇಕೇ?

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆ ಹೀಟ್ ಟ್ರೀಟ್‌ಮೆಂಟ್ ಬಾಸ್ಕೆಟ್ (ಬಿಡಿಭಾಗ ತುಂಬಿ ಫರ್ನೇಸ್ ಒಳಗಿಡುವ ಬುಟ್ಟಿ) ಮಾಡಿಸಲು ಹೋದರೆ ಫ್ಯಾಬ್ರಿಕೇಟರ್ ಕೇಳುವುದು ಒಂದೇ ಪ್ರಶ್ನೆ: ‘ಸಾರ್, ಎಷ್ಟು ಡಿಗ್ರಿ?’ ಆ ಒಂದು ಉತ್ತರದ ಮೇಲೆ ಸ್ಟೇನ್‌ಲೆಸ್ ಸ್ಟೀಲ್‌ನ ಗ್ರೇಡ್ (304, 310ಎಸ್, 430 ಹೀಗೆ) ಆರಿಸಿದರೆ ದುಡ್ಡು ದಂಡ. ಬಾಸ್ಕೆಟ್ ಎಷ್ಟು ಸಲ ಕಾದು ಆರುತ್ತದೆ, ಫರ್ನೇಸ್ ಒಳಗಿನ ಗ್ಯಾಸ್ ಎಂಥದ್ದು ಅನ್ನುವುದೂ ಅಷ್ಟೇ ಮುಖ್ಯ.

304ಕ್ಕೆ ಗಾಳಿಯಲ್ಲಿ ಎರಡು ಮಿತಿಗಳಿವೆ. ಒಂದೇ ಸಮ ಕಾದಿದ್ದರೆ 925 ಡಿಗ್ರಿ ಸೆಲ್ಸಿಯಸ್, ಪದೇ ಪದೇ ಕಾದು ಆರುತ್ತಿದ್ದರೆ 870. ಆರುವಾಗ ಲೋಹ ಕುಗ್ಗಿದಷ್ಟು ಮೇಲಿನ ಸ್ಕೇಲ್, ಅಂದರೆ ಆಕ್ಸೈಡ್ ಪದರ, ಕುಗ್ಗುವುದಿಲ್ಲ. ಹಾಗಾಗಿ ಅದು ಹಕ್ಕಳೆಯಾಗಿ ಉದುರಿ, ಕೆಳಗಿನ ಹೊಸ ಲೋಹ ಮತ್ತೆ ಗಾಳಿಗೆ ಸಿಗುತ್ತದೆ. 430ರಲ್ಲಿ ಲೆಕ್ಕ ತಿರುಗುಮುರುಗು: ಸತತ ಬಳಕೆಗೆ 815, ಆರಿಸಿ ಕಾಯಿಸಿದರೆ 870. ಅದು ಹಿಗ್ಗುವುದು ಕಡಿಮೆ, ಸ್ಕೇಲ್ ಹಿಡಿದುಕೊಂಡೇ ಇರುತ್ತದೆ. ಒಂದು ಮೀಟರ್ ರಾಡ್ 860 ಡಿಗ್ರಿಗೆ ಹೋದಾಗ 304 ಸುಮಾರು 15 ಮಿ.ಮೀ. ಉದ್ದವಾದರೆ 430 ಸುಮಾರು 10 ಮಿ.ಮೀ. ಆಗುತ್ತದೆ. ಆದರೆ ಕೆಂಪಗೆ ಕಾದ 430ಕ್ಕೆ ಭಾರ ಹೊರುವ ಶಕ್ತಿ ಇಲ್ಲ, ಜೋತುಬೀಳುತ್ತದೆ. ಲೋಡ್ ಇಲ್ಲದ ಬಾಗಿಲ ಶೀಲ್ಡ್‌ಗೆ ಸರಿ, ಬಾಸ್ಕೆಟ್‌ಗೆ ಬೇಡ.

ಇಎನ್ 19 ಅನ್ನುವ ಅಲಾಯ್ ಸ್ಟೀಲ್ ಶಾಫ್ಟ್‌ಗಳನ್ನು 860ರವರೆಗೆ ಕಾಯಿಸಿ ಆಯಿಲ್‌ಗೆ ಇಳಿಸುವ (ಕ್ವೆಂಚ್) ಕೆಲಸದಲ್ಲಿ 304 ಬಾಸ್ಕೆಟ್ ಮಿತಿಯ ಅಂಚಿನಲ್ಲೇ ದುಡಿಯುತ್ತದೆ. ಮೊದಲು ತಳದ ಮೆಶ್ ಸವೆಯುತ್ತದೆ. ಉದುರಿದ ಹಕ್ಕಳೆ ಕ್ವೆಂಚ್ ಟ್ಯಾಂಕ್ ತಳದಲ್ಲಿ ಕಪ್ಪು ಕೆಸರಾಗಿ ಕೂತು ಪಂಪ್‌ನ ಸ್ಟ್ರೈನರ್ ಕಟ್ಟುತ್ತದೆ. ಆಮೇಲೆ ಉದ್ದದ ರಾಡ್‌ಗಳು ಬಿಲ್ಲಿನಂತೆ ಬಾಗಿ, ಬಾಸ್ಕೆಟ್ ಗೈಡ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಇಲ್ಲಿ 310ಎಸ್ ಗೆಲ್ಲುತ್ತದೆ. ಕ್ರೋಮಿಯಂ ಸುಮಾರು 25%, ನಿಕಲ್ 20%, ಮಿತಿ ಸತತ 1150, ಆರಿಸಿ ಕಾಯಿಸಿದರೆ 1035. ಬೆಲೆ 304ರ ಎರಡು ಪಟ್ಟಿಗೂ ಮೇಲಾದರೂ ಕ್ವೆಂಚ್ ಬಾಸ್ಕೆಟ್‌ಗೆ ಅದನ್ನೇ ಹೇಳುತ್ತೇವೆ. ಅದರ ಕಾಯಿಲೆ ಬೇರೆ. 600ರಿಂದ 900ರ ನಡುವೆ ಬಹಳ ಹೊತ್ತು ಕಳೆದರೆ ಸಿಗ್ಮಾ ಅನ್ನುವ ಗಡಸು ಹಂತ ಬೆಳೆಯುತ್ತದೆ. ಬಿಸಿಯಲ್ಲಿ ಏನೂ ಗೊತ್ತಾಗುವುದಿಲ್ಲ, ತಣ್ಣಗಾದ ಬಾಸ್ಕೆಟ್ ಕೈತಪ್ಪಿ ನೆಲಕ್ಕೆ ಬಿದ್ದರೆ ಜಾಯಿಂಟ್ ಪಟ್ಟನೆ ಒಡೆಯುತ್ತದೆ. ಹಳೆಯ 310ಎಸ್ ಬಾಸ್ಕೆಟ್ ಸೊಟ್ಟಗಾಗಿದ್ದರೆ ತಣ್ಣಗಿದ್ದಾಗ ಸುತ್ತಿಗೆ ಹಾಕಬೇಡಿ. 1050ರಿಂದ 1100ಕ್ಕೆ ಕಾಯಿಸಿದರೆ ಸಿಗ್ಮಾ ಕರಗುತ್ತದೆ, ಆಮೇಲೆ ನೇರ ಮಾಡಬಹುದು.

ವೆಲ್ಡಿಂಗ್‌ನಲ್ಲೂ ಅದು ಹಟಮಾರಿ. ರಾಡ್ ಮೇಲೆ ರಾಡ್ ಕೂರುವ ಜಾಗದಲ್ಲಿ, ಬೀಡ್ ಮುಗಿಯುವ ಕ್ರೇಟರ್‌ನ ನಡುವೆ ನಕ್ಷತ್ರದಾಕಾರದ ಕೂದಲೆಳೆ ಬಿರುಕು ಕಾಣುತ್ತದೆ. ಬಾಸ್ಕೆಟ್ ಮುಂದೆ ಒಡೆಯುವುದು ಅಲ್ಲಿಂದಲೇ. 310 ಫಿಲ್ಲರ್ (ವೆಲ್ಡ್ ತುಂಬುವ ಕಡ್ಡಿ), ಕಡಿಮೆ ಆಂಪ್ಸ್, ಸಣ್ಣ ನೇರ ಬೀಡ್, ಪಾಸ್‌ಗಳ ನಡುವೆ 150 ಡಿಗ್ರಿಗಿಂತ ಕೆಳಗೆ ಆರಿಸುವುದು, ಆರ್ಕ್ ಬಿಡುವ ಮೊದಲು ಕ್ರೇಟರ್ ತುಂಬುವುದು: ಇಷ್ಟನ್ನು ವೆಲ್ಡರ್‌ಗೆ ಮೊದಲೇ ಹೇಳಿ. ಲೋಡ್ ಕಟ್ಟಲು ಜಿಐ (ಸತು ಲೇಪಿತ) ತಂತಿ ಬಳಸುವ ರೂಢಿಯನ್ನು ಇವತ್ತೇ ಬಿಡಿ. ಸತು ಸುಮಾರು 420 ಡಿಗ್ರಿಗೆ ಕರಗಿ, ಕೆಂಪಗೆ ಕಾದ ಸ್ಟೇನ್‌ಲೆಸ್‌ನ ಕಣಗಳ ಸಂದಿಗೆ ಇಳಿದು ಬಿರುಕು ಬಿಡಿಸುತ್ತದೆ.

550ರಿಂದ 650ರ ಟೆಂಪರಿಂಗ್ (ಕ್ವೆಂಚ್ ಆದ ಮೇಲೆ ಹದಕ್ಕೆ ಮತ್ತೆ ಕಾಯಿಸುವ) ಬಾಸ್ಕೆಟ್‌ಗೆ ಮಾತ್ರ 310ಎಸ್ ಹಾಕಿಸಬೇಡಿ. ಅಲ್ಲಿ ಸ್ಕೇಲ್ ಸಮಸ್ಯೆಯೇ ಇಲ್ಲ, 304 ಸಾಕು. ಕಡಿಮೆ ಕಾರ್ಬನ್‌ನ ಎಲ್ ಗ್ರೇಡ್ ಅಲ್ಲದ, ಕಾರ್ಬನ್ 0.04%ಗಿಂತ ಕಡಿಮೆ ಇಲ್ಲದ ಶೀಟ್ ಕೇಳಿ. ಕಾರ್ಬನ್ ಕಡಿಮೆಯಾದಷ್ಟು ಬಿಸಿಯಲ್ಲಿ ಬೇಗ ಜೋತುಬೀಳುತ್ತದೆ. 304ಎಚ್ ಅಂದರೆ ಕಾರ್ಬನ್ 0.04ರಿಂದ 0.10%, ಸಿಕ್ಕರೆ ಇನ್ನೂ ಒಳ್ಳೆಯದು. ‘316 ಹಾಕಿ, ಅದು ಮೇಲಿನ ಗ್ರೇಡ್’ ಅನ್ನುವ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಗಾಳಿಯಲ್ಲಿ ಅದರ ಮಿತಿಯೂ 925 ಮತ್ತು 870 ಡಿಗ್ರಿಯೇ, ಅದರಲ್ಲಿರುವ ಮಾಲಿಬ್ಡಿನಂಗೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥ.

ಕಾರ್ಬುರೈಸಿಂಗ್ ಫರ್ನೇಸ್‌ಗೆ, ಅಂದರೆ 920–930 ಡಿಗ್ರಿಯ ಕಾರ್ಬನ್ ಗ್ಯಾಸ್‌ಗೆ, 310ಎಸ್ ಕೂಡ ಸೋಲುತ್ತದೆ. ಕಾರ್ಬನ್ ಕುಡಿದು ಪೆಡಸಾಗುತ್ತದೆ. ಮೊದಲು ಅಂಟದಿದ್ದ ಮ್ಯಾಗ್ನೆಟ್ ಹಳೆಯ ರಾಡ್‌ಗೆ ಅಂಟತೊಡಗಿದರೆ ಅದು ಆಗಿದೆ ಎಂದೇ ಲೆಕ್ಕ. ಅಲ್ಲಿಗೆ 35% ನಿಕಲ್ ಇರುವ 330 ಬೇಕು.

ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳ ಥರ್ಮೋಕಪಲ್ (ತಾಪ ಅಳೆಯುವ ಕಡ್ಡಿ) ಕವಚದಲ್ಲಿ ಆಯ್ಕೆ ಪೂರ್ತಿ ತಿರುಗುತ್ತದೆ. ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕ ಇದ್ದು ಗಾಳಿ ಸಾಲದಿದ್ದರೆ, 310ರ ಹೆಚ್ಚಿನ ನಿಕಲ್ಲೇ ಅದಕ್ಕೆ ಮುಳುವು. ನಿಕಲ್ ಮತ್ತು ನಿಕಲ್ ಸಲ್ಫೈಡ್ ಸೇರಿದ ಮಿಶ್ರಣ ಸುಮಾರು 645 ಡಿಗ್ರಿಗೇ ಕರಗುತ್ತದೆ, ಕವಚ ಗುಳಿ ಬಿದ್ದು ತೂತಾಗುತ್ತದೆ. ನಿಕಲ್ ಹೆಚ್ಚುಕಡಿಮೆ ಇಲ್ಲದ, 23–27% ಕ್ರೋಮಿಯಂನ 446 ಅಲ್ಲಿ ಬಾಳುತ್ತದೆ. ಅಡ್ಡಡ್ಡ ಚಾಚಿಟ್ಟರೆ ಬಾಗುತ್ತದೆ, ಮೇಲಿನಿಂದ ನೇರ ಇಳಿಬಿಡಿ. ಆರಿದ ಮೇಲೆ ಪೆಡಸು, ಗೂಡು ಖಾಲಿ ಮಾಡುವಾಗ ಹೆಂಚು ತಾಗದಂತೆ ನೋಡಿಕೊಳ್ಳಿ.

ಡಿ.ಜಿ. ಸೆಟ್‌ನ (ಡೀಸೆಲ್ ಜನರೇಟರ್) ಎಕ್ಸಾಸ್ಟ್ ಬೆಲ್ಲೋಸ್‌ಗೆ, ಅಂದರೆ ಹೊಗೆ ಪೈಪಿನ ಸುಕ್ಕುಗಟ್ಟಿದ ಜೋಡಣೆಗೆ, 321. ಟೈಟಾನಿಯಂ ಕಾರ್ಬನ್ನನ್ನು ಕಟ್ಟಿಹಾಕುವುದರಿಂದ, ನಿಂತ ಸೆಟ್‌ನಲ್ಲಿ ಹನಿಯುವ ಆಮ್ಲದ ನೀರು ವೆಲ್ಡ್ ಪಕ್ಕ ಕೊರೆಯುವುದು ಕಡಿಮೆ. ಫಿಲ್ಲರ್ 347 ಇರಲಿ, ಟೈಟಾನಿಯಂ ಆರ್ಕ್‌ನಲ್ಲಿ ಸುಟ್ಟುಹೋಗುತ್ತದೆ.

ಕೊಳ್ಳುವಾಗ ಮ್ಯಾಗ್ನೆಟ್ ನಂಬಬೇಡಿ. ಕಡಿಮೆ ನಿಕಲ್‌ನ ಅಗ್ಗದ 202ಕ್ಕೂ 304ಕ್ಕೂ ಅದು ಅಂಟುವುದಿಲ್ಲ. ಎಕ್ಸ್‌ಆರ್‌ಎಫ್ ಗನ್ (ಲೋಹದಲ್ಲಿ ಏನೇನಿದೆ ತೋರಿಸುವ ಎಕ್ಸ್‌ರೇ ಉಪಕರಣ) ಹಿಡಿಸಿ: ಮ್ಯಾಂಗನೀಸ್ 7.5–10%, ನಿಕಲ್ 4–6% ತೋರಿಸಿದರೆ ಅದು 202. 310ಎಸ್‌ನಲ್ಲಿ ನಿಕಲ್ 19–22% ಕಾಣಬೇಕು. ಆದರೆ ಆ ಗನ್‌ಗೆ ಕಾರ್ಬನ್ ಕಾಣದು, 304ಎಚ್‌ಗೂ 304ಎಲ್‌ಗೂ ಭೇದ ಹೇಳದು. ಅದಕ್ಕೆ ಸ್ಪಾರ್ಕ್ ಸ್ಪೆಕ್ಟ್ರೋ ಟೆಸ್ಟ್ ಮಾಡಿಸಬೇಕು. ಸರ್ಟಿಫಿಕೇಟ್‌ನ ಹೀಟ್ ನಂಬರ್ (ಕರಗಿಸಿದ ಬ್ಯಾಚಿನ ಸಂಖ್ಯೆ) ಶೀಟ್ ಮೇಲಿನ ನಂಬರ್‌ಗೆ ತಾಳೆಯಾಗದಿದ್ದರೆ ಕತ್ತರಿಸುವ ಮೊದಲೇ ಮಾಲು ವಾಪಸ್ ಕಳಿಸಿ.