ಲೆಡ್ ಝೆಪ್ಪೆಲಿನ್, ಡೀಪ್ ಪರ್ಪಲ್: ಎರಡನ್ನೂ ಎದುರುಬದುರು ಇಟ್ಟು ಕೇಳಿದಾಗ

ರಾಕ್ ಕೇಳುವವರ ನಡುವೆ ಇದು ಹಳೇ ಜಗಳ. ಎರಡೂ ಇಂಗ್ಲೆಂಡಿನ ಬ್ಯಾಂಡುಗಳು, ಎರಡೂ ಹುಟ್ಟಿದ್ದು 1968ರಲ್ಲಿ, ಎರಡಕ್ಕೂ ಒಳ್ಳೆಯ ಕಾಲ ಬಂದಿದ್ದು 1970ರ ಆಚೀಚೆ. ಆದರೆ ಹೆಸರಿನ ವಿಷಯಕ್ಕೆ ಬಂದರೆ ಝೆಪ್ಪೆಲಿನ್‌ಗೇ ಮೇಲಿನ ಮಣೆ. ರಾಕ್ ದಿಗ್ಗಜರನ್ನು ಗೌರವಿಸುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ಅವರನ್ನು 1995ರಲ್ಲೇ ಸೇರಿಸಿಕೊಂಡಿತು, ಪರ್ಪಲ್ ಮಾತ್ರ 2016ರವರೆಗೆ ಕಾಯಬೇಕಾಯಿತು. ನಮ್ಮ ಕಡೆ ಗಿಟಾರ್ ಕೈಗೆತ್ತಿಕೊಂಡ ಹುಡುಗರ ಬೆರಳಿಗೆ ಮೊದಲು ಬರುವುದು ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್' ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ಆದರೂ ಯಾರು ದೊಡ್ಡವರು ಅಂತ ಕೇಳಿದರೆ ಅದೇ ಹುಡುಗರು ಝೆಪ್ಪೆಲಿನ್ ಅಂತಾರೆ.

ನಾನು ಎರಡನ್ನೂ ವರ್ಷಗಟ್ಟಲೆ ಕೇಳಿದ್ದೇನೆ. ಈಚೆಗೆ ಒಂದು ಕೆಲಸ ಮಾಡಿದೆ. ಒಬ್ಬರದ್ದು ಮುಗಿದ ಮೇಲೆ ಇನ್ನೊಬ್ಬರದ್ದು ಅನ್ನೋ ಹಾಗೆ ಅಲ್ಲದೆ, ಒಂದೇ ಕಾಲದ ಎರಡು ರೆಕಾರ್ಡಿಂಗುಗಳನ್ನು ಜೋಡಿ ಮಾಡಿ, ಒಂದೇ ಹೆಡ್‌ಫೋನಿನಲ್ಲಿ, ಒಂದೇ ವಾಲ್ಯೂಮಿನಲ್ಲಿ ಕೇಳಿದೆ. ಹಾಗೆ ಕೇಳಿದರೆ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

ಮೊದಲ ಜೋಡಿ ಸ್ಟುಡಿಯೋ ಆಲ್ಬಂಗಳದ್ದು. ಝೆಪ್ಪೆಲಿನ್‌ನ ನಾಲ್ಕನೆಯ ಆಲ್ಬಂ ಬಂದಿದ್ದು 1971ರ ನವೆಂಬರಿನಲ್ಲಿ, ಪರ್ಪಲ್‌ನ 'ಮಷೀನ್ ಹೆಡ್' 1972ರ ಮಾರ್ಚಿನಲ್ಲಿ. ಇವೆರಡಕ್ಕೂ ಒಂದು ನಂಟಿದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಒಂದು ಲಾರಿಯೊಳಗೆ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿಸಿಟ್ಟುಕೊಂಡಿದ್ದರು, ಬೇರೆಯವರಿಗೆ ಬಾಡಿಗೆಗೂ ಕೊಡುತ್ತಿದ್ದರು. ಈ ಎರಡೂ ಆಲ್ಬಂಗಳಿಗೆ ಬಳಕೆಯಾಗಿದ್ದು ಅದೇ ಲಾರಿ. ಅದೇ ಉಪಕರಣ, ಸುಮಾರು ಒಂದು ವರ್ಷದ ಅಂತರ. ಹಾಗಾಗಿ ಸೌಂಡಿನಲ್ಲಿ ಏನು ವ್ಯತ್ಯಾಸ ಇದೆಯೋ ಅದು ಬಹುಪಾಲು ಆ ಮನುಷ್ಯರದ್ದೇ.

ಝೆಪ್ಪೆಲಿನ್‌ನವರು ಲಾರಿ ತಂದು ನಿಲ್ಲಿಸಿದ್ದು ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೆಯ ಹತ್ತಿರ. ಆ ಮನೆಯ ಮೆಟ್ಟಿಲು ಹತ್ತುವ ಹಜಾರದಲ್ಲಿ ಜಾನ್ ಬೊನಮ್‌ನ ಡ್ರಮ್ಸ್ ಇಟ್ಟರು. ಡ್ರಮ್ಮಿನ ಪಕ್ಕದಲ್ಲಿ ಮೈಕ್ ಇಡುವುದು ವಾಡಿಕೆ. ಇಂಜಿನಿಯರ್ ಆಂಡಿ ಜಾನ್ಸ್ ಹಾಗೆ ಮಾಡದೆ ಎರಡೇ ಮೈಕುಗಳನ್ನು ಮೇಲೆ, ಮೆಟ್ಟಿಲ ತುದಿಯಲ್ಲಿ ಇಟ್ಟ. 'ವೆನ್ ದ ಲೆವಿ ಬ್ರೇಕ್ಸ್' ಶುರುವಾಗುತ್ತಿದ್ದ ಹಾಗೆ ನಿಮಗೆ ಕೇಳಿಸುವುದು ಬರೀ ಡ್ರಮ್ ಅಲ್ಲ, ಆ ಮನೆಯ ಎತ್ತರ. ಒಂದೊಂದು ಪೆಟ್ಟೂ ಮೇಲೆ ಹೋಗಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಗಿಟಾರ್ ಇನ್ನೂ ಬಂದಿರುವುದಿಲ್ಲ, ಆಗಲೇ ಎದೆ ಅದುರುತ್ತದೆ. ಮುಂದೆ ಅದೆಷ್ಟೋ ಹಿಪ್ ಹಾಪ್‌ನವರು ಆ ಒಂದು ತುಣುಕನ್ನು ಎತ್ತಿಕೊಂಡು ತಮ್ಮ ಹಾಡಿಗೆ ಹಾಕಿಕೊಂಡರು.

ಪರ್ಪಲ್ ಕಥೆ ಬೇರೆ. ಅವರು ಲಾರಿ ತಗೊಂಡು ಸ್ವಿಟ್ಜರ್ಲೆಂಡಿನ ಮೊಂಟ್ರೊಗೆ ಹೋಗಿದ್ದು ಅಲ್ಲಿನ ಕ್ಯಾಸಿನೋದಲ್ಲಿ ರೆಕಾರ್ಡ್ ಮಾಡೋಣ ಅಂತ. 1971ರ ಡಿಸೆಂಬರ್ 4ರಂದು ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಾಪ್ಪಾ ಕಾರ್ಯಕ್ರಮ ನಡೆಯುವಾಗ ಯಾರೋ ಫ್ಲೇರ್ ಗನ್, ಅಂದರೆ ಬೆಂಕಿಯ ಸಿಗ್ನಲ್ ಬಿಡುವ ಪಿಸ್ತೂಲು, ಹಾರಿಸಿ ಇಡೀ ಕ್ಯಾಸಿನೋ ಸುಟ್ಟುಹೋಯಿತು. ಆಮೇಲೆ ಒಂದು ಥಿಯೇಟರಿಗೆ ಹೋದರು. ಗಲಾಟೆ ತಡೆಯಲಾರದೆ ಅಕ್ಕಪಕ್ಕದವರು ದೂರು ಕೊಟ್ಟರು, ಪೊಲೀಸರು ಬಂದು ಬಾಗಿಲು ತಟ್ಟುತ್ತಿದ್ದರೆ ಒಳಗೆ 'ಸ್ಮೋಕ್ ಆನ್ ದ ವಾಟರ್' ರಿಫ್ ರೆಕಾರ್ಡ್ ಆಗುತ್ತಿತ್ತು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ಇಟ್ಟುಕೊಂಡು ನುಡಿಸಿದರು. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ದಾಟಿ ಹೊರಗೆ ನಿಂತಿದ್ದ ಲಾರಿವರೆಗೂ ಹೋಗಬೇಕಿತ್ತು. ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟರು. ಚೆನ್ನಾಗಿ ಬಂತು ಅನ್ನಿಸಿದರೆ ಮುಂದಿನ ಹಾಡು, ಅಷ್ಟೇ.

ಆಲ್ಬಂ ಕೇಳಿದರೆ ಇದು ಗೊತ್ತಾಗುತ್ತದೆ. 'ಮಷೀನ್ ಹೆಡ್'ನಲ್ಲಿ ಐದು ಜನ ಒಂದೇ ಜಾಗದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸಿದ್ದು ಕೇಳಿಸುತ್ತದೆ. ಝೆಪ್ಪೆಲಿನ್ ಆಲ್ಬಂನಲ್ಲಿ ಕೇಳಿಸುವುದು ಜಿಮ್ಮಿ ಪೇಜ್ ಒಂದೊಂದೇ ಪದರ ಇಟ್ಟು ಕಟ್ಟಿದ ಚಿತ್ರ. ಅವನು ಬರೀ ಗಿಟಾರ್ ನುಡಿಸುವವನಲ್ಲ, ಪ್ರೊಡ್ಯೂಸರ್ ಕೂಡ, ಅಂದರೆ ರೆಕಾರ್ಡಿಂಗ್ ಹೇಗೆ ಕೇಳಿಸಬೇಕು ಅಂತ ತೀರ್ಮಾನಿಸುವವನು, ಬ್ಯಾಂಡ್ ಶುರುವಾಗೋಕೆ ಮುಂಚೆ ಲಂಡನ್ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಬೇರೆಯವರಿಗೆ ನುಡಿಸಿ ಪಳಗಿದವನು. ಬೇಸ್ ಗಿಟಾರ್ ನುಡಿಸುವ ಜಾನ್ ಪಾಲ್ ಜೋನ್ಸ್ ಕೂಡ ಹಾಗೇ. ಮ್ಯಾಂಡೊಲಿನ್, ಆರ್ಗನ್, ರೆಕಾರ್ಡರ್ ಕೊಳಲು, ಯಾವುದು ಕೊಟ್ಟರೂ ನುಡಿಸುತ್ತಿದ್ದ. 'ಸ್ಟೇರ್‌ವೇ ಟು ಹೆವನ್' ಶುರುವಿನಲ್ಲಿ ಗಿಟಾರಿನ ಜೊತೆ ಮೆಲ್ಲಗೆ ಬರುವ ಆ ಕೊಳಲು ಅವನದ್ದೇ.

ಸ್ಟುಡಿಯೋ ಅಂತ ಬಂದರೆ ನಾನು ಝೆಪ್ಪೆಲಿನ್ ಕಡೆ. ಇದರಲ್ಲಿ ಎರಡು ಮಾತಿಲ್ಲ. ಪರ್ಪಲ್ ಹತ್ತಿರ 'ಮಷೀನ್ ಹೆಡ್' ಇದೆ, 1970ರ 'ಇನ್ ರಾಕ್' ಇದೆ, ಎರಡೂ ಅಪ್ಪಟ ಚಿನ್ನ. ಆದರೆ ಝೆಪ್ಪೆಲಿನ್‌ನಷ್ಟು ವೈವಿಧ್ಯ ಅವರಲ್ಲಿ ಇಲ್ಲ. ಮೂರನೇ ಆಲ್ಬಂಗೆ ಪೇಜ್ ಮತ್ತು ಹಾಡುಗಾರ ರಾಬರ್ಟ್ ಪ್ಲಾಂಟ್ ವೇಲ್ಸಿನ ಕರೆಂಟಿಲ್ಲದ ಒಂದು ಗುಡ್ಡದ ಮನೆಗೆ ಹೋಗಿ ಕೂತು ಅಕೂಸ್ಟಿಕ್ (ಕರೆಂಟಿನ ಗಿಟಾರ್ ಬೇಡದ) ಹಾಡು ಬರೆದರು. 1975ರ 'ಕಾಶ್ಮೀರ್' ತಗೊಳ್ಳಿ. ಅದರಲ್ಲಿ ಬೊನಮ್ ನಾಲ್ಕರ ಲೆಕ್ಕದಲ್ಲಿ ಒಂದು ಚೂರೂ ಅಲುಗದೆ ಬಾರಿಸುತ್ತಾನೆ, ಮೇಲೆ ಗಿಟಾರ್ ರಿಫ್ ಮೂರರ ಲೆಕ್ಕದಲ್ಲಿ ಸುತ್ತುತ್ತದೆ, ಹನ್ನೆರಡಕ್ಕೊಮ್ಮೆ ಎರಡೂ ಬಂದು ಕೂಡುತ್ತವೆ. ತಾಳ ಹಾಕುತ್ತಾ ಕೇಳುವ ಅಭ್ಯಾಸ ಇರುವ ನಮ್ಮವರು ಇದನ್ನು ಒಮ್ಮೆ ತೊಡೆ ಮೇಲೆ ಕೈ ತಟ್ಟಿ ನೋಡಲೇಬೇಕು, ಆ ಕೂಡುವ ಜಾಗ ಸಿಕ್ಕಾಗ ಆಗುವ ಖುಷಿಯೇ ಬೇರೆ. ಅಂದ ಹಾಗೆ ಆ ಹಾಡಿನ ಸಾಲುಗಳು ಹುಟ್ಟಿದ್ದು ಮೊರಾಕೋದ ಮರುಭೂಮಿ ರಸ್ತೆಯಲ್ಲಿ, ಕಾಶ್ಮೀರಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಎರಡನೇ ಜೋಡಿ. ನನ್ನ ತೀರ್ಮಾನ ಆಗಿದ್ದು ಇಲ್ಲೇ.

1972ರ ಜೂನಿನಲ್ಲಿ ಝೆಪ್ಪೆಲಿನ್ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚಿನಲ್ಲಿ ನುಡಿಸಿತು. ಆ ರೆಕಾರ್ಡಿಂಗ್ ಮೂರು ಸೀಡಿಯಾಗಿ ಹೊರಬಂದಿದ್ದು 2003ರಲ್ಲಿ, 'ಹೌ ದ ವೆಸ್ಟ್ ವಾಸ್ ವನ್' ಅಂತ. ಅದೇ 1972ರ ಆಗಸ್ಟ್ 15, 16 ಮತ್ತು 17ರಂದು ಪರ್ಪಲ್ ಒಸಾಕಾ ಮತ್ತು ಟೋಕಿಯೋದಲ್ಲಿ ನುಡಿಸಿತು, ಅದು 'ಮೇಡ್ ಇನ್ ಜಪಾನ್'. ಎರಡು ತಿಂಗಳೂ ಅಂತರ ಇಲ್ಲ. ಇಬ್ಬರೂ ಏರುಜವ್ವನದಲ್ಲಿದ್ದರು, ಇಬ್ಬರು ಹಾಡುಗಾರರ ಗಂಟಲೂ ಇನ್ನೂ ಸೋತಿರಲಿಲ್ಲ. ಇದಕ್ಕಿಂತ ನ್ಯಾಯವಾದ ಹೋಲಿಕೆ ಸಿಗುವುದು ಕಷ್ಟ.

ಝೆಪ್ಪೆಲಿನ್ ಶುರುಮಾಡುವ ರೀತಿ ಅದ್ಭುತ. 'ಇಮಿಗ್ರಂಟ್ ಸಾಂಗ್'ನಲ್ಲಿ ಪ್ಲಾಂಟ್ ಕೂಗು ಹಾಕುತ್ತಿದ್ದ ಹಾಗೆ ಮೈ ಜುಂ ಅನ್ನುತ್ತದೆ. ನಡುವೆ ಅಕೂಸ್ಟಿಕ್ ಹಾಡುಗಳು ಬರುತ್ತವೆ, ಅವೂ ಸೊಗಸು. ಆದರೆ 'ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್' ಇಪ್ಪತ್ತೈದು ನಿಮಿಷ ಹೋಗುತ್ತದೆ, ಪಿಟೀಲಿನ ಕಮಾನಿನಿಂದ ಪೇಜ್ ಗಿಟಾರ್ ಉಜ್ಜುವ ಭಾಗ ಅಲ್ಲಿ ಎದುರು ನಿಂತು ನೋಡಿದವರಿಗೆ ಹಬ್ಬವಾಗಿರಬೇಕು, ಬರೀ ಕಿವಿಗೆ ಬೇಗ ಸಾಕಾಗುತ್ತದೆ. ಪೇಜ್ ಒಂಟಿಯಾಗಿ ಸೋಲೋಗೆ ಹೊರಟಾಗ ಹಿಂದೆ ಬೇಸ್ ಮತ್ತು ಡ್ರಮ್ ಮಾತ್ರ ಉಳಿಯುತ್ತವೆ. ಜೋನ್ಸ್, ಬೊನಮ್ ಎಷ್ಟೇ ತುಂಬಿಸಿದರೂ ಒಂದು ಕುರ್ಚಿ ಖಾಲಿ ಇದೆ ಅನ್ನಿಸುತ್ತದೆ.

ಪರ್ಪಲ್‌ನಲ್ಲಿ ಆ ಕುರ್ಚಿಯಲ್ಲಿ ಜಾನ್ ಲಾರ್ಡ್ ಕೂತಿದ್ದಾನೆ. ನನ್ನ ಮಟ್ಟಿಗೆ ಇಡೀ ಜಗಳ ಮುಗಿಯುವುದು ಈ ಮನುಷ್ಯನ ಹತ್ತಿರ. ಹ್ಯಾಮಂಡ್ ಆರ್ಗನ್ ಚರ್ಚುಗಳಲ್ಲಿ, ಜಾಝ್ ಕ್ಲಬ್ಬುಗಳಲ್ಲಿ ನುಡಿಸುವ ವಾದ್ಯ. ಲಾರ್ಡ್ ಅದರ ವೈರನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಚುಚ್ಚಿದ. ಆರ್ಗನ್ ಗುರುಗುಟ್ಟುವುದಕ್ಕೆ ಶುರುಮಾಡಿತು. ರಿಚಿ ಬ್ಲಾಕ್‌ಮೋರ್‌ನ ಗಿಟಾರಿಗೆ ಅದು ಹಿನ್ನೆಲೆಯಲ್ಲ, ಎದುರಾಳಿ. ನಮ್ಮ ಕಛೇರಿಗಳಲ್ಲಿ ಸಿತಾರು ಕೇಳಿದ್ದಕ್ಕೆ ತಬಲಾ ಉತ್ತರ ಕೊಡುತ್ತಾ ಹೋಗುವ ಸವಾಲ್-ಜವಾಬ್ ಇದೆಯಲ್ಲ, 'ಮೇಡ್ ಇನ್ ಜಪಾನ್' ಪೂರ್ತಿ ಅದೇ. ಹೆಡ್‌ಫೋನ್ ಹಾಕಿಕೊಂಡರೆ ಒಂದು ಕಿವಿಗೆ ಆರ್ಗನ್, ಇನ್ನೊಂದಕ್ಕೆ ಗಿಟಾರ್, ತಲೆಯೊಳಗೇ ಪಂದ್ಯ.

'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಕೇಳಿ. ಹಾಡಿನ ನಡುವೆ ಬ್ಲಾಕ್‌ಮೋರ್ ಗಿಟಾರಿನಲ್ಲಿ ಒಂದು ಸಣ್ಣ ತುಣುಕು ನುಡಿಸುತ್ತಾನೆ, ಹಾಡುಗಾರ ಇಯನ್ ಗಿಲನ್ ಅದನ್ನೇ ಬಾಯಲ್ಲಿ ಹೇಳುತ್ತಾನೆ. ಇವನು ಇನ್ನೊಂದು ಮೆಟ್ಟಿಲು ಮೇಲೆ ಹೋಗುತ್ತಾನೆ, ಅವನೂ ಹೋಗುತ್ತಾನೆ. ಹೀಗೇ ಏರುತ್ತಾ ಏರುತ್ತಾ ಯಾವುದು ತಂತಿ ಯಾವುದು ಗಂಟಲು ಅಂತ ಗೊತ್ತಾಗದ ಜಾಗಕ್ಕೆ ಬಂದು, ಗಿಲನ್ ಒಂದು ಉದ್ದ ಕಿರುಚು ಹಾಕಿದರೆ ಜಪಾನಿನ ಜನ ಸುಮ್ನೆ ಕೂತವರು ಕೂಗಾಡುತ್ತಾರೆ. 'ಚೈಲ್ಡ್ ಇನ್ ಟೈಮ್' ಹನ್ನೆರಡು ನಿಮಿಷ ಇದೆ, ಒಂದು ನಿಮಿಷವೂ ದಂಡ ಇಲ್ಲ. ಇಯನ್ ಪೇಸ್‌ನ ಡ್ರಮ್ಸ್ ಬೊನಮ್‌ನಷ್ಟು ಭಾರ ಇಲ್ಲ, ನಿಜ. ಆದರೆ ಅವನ ಕೈಯಲ್ಲಿ ಒಂದು ತೂಗಾಟ ಇದೆ, ಆ ವೇಗದಲ್ಲೂ ಅದು ತಪ್ಪುವುದಿಲ್ಲ. ಪೆಟ್ಟಿನ ತೂಕಕ್ಕೆ ಬೊನಮ್, ಓಟಕ್ಕೆ ಪೇಸ್ ಅಂತ ನಾನು ಹೇಳುತ್ತೇನೆ.

ಒಂದು ವಿಷಯದಲ್ಲಿ ಝೆಪ್ಪೆಲಿನ್ ಮೇಲೆ ನನಗೆ ಬೇಜಾರಿದೆ. ಅಮೆರಿಕದ ಕರಿಯ ಬ್ಲೂಸ್ ಹಾಡುಗಾರರ ಸಾಲುಗಳನ್ನು ತಗೊಂಡು ಹೆಸರು ಹಾಕದೆ ಬಿಟ್ಟಿದ್ದು. 'ಹೋಲ್ ಲಾಟ ಲವ್' ವಿಷಯಕ್ಕೆ ವಿಲ್ಲಿ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋಗಬೇಕಾಯಿತು, ಆಮೇಲೆ ರಾಜಿಯಾಯಿತು. ಆದರೆ 'ವೆನ್ ದ ಲೆವಿ ಬ್ರೇಕ್ಸ್'ಗೆ ಬ್ಲೂಸ್ ಹಾಡುಗಾರ್ತಿ ಮೆಂಫಿಸ್ ಮಿನ್ನಿಯ ಹೆಸರು ಹಾಕಿದ್ದರು. ಪರ್ಪಲ್‌ನವರೂ ಇದರಲ್ಲಿ ಶುದ್ಧ ಅಂತಲ್ಲ. 'ಚೈಲ್ಡ್ ಇನ್ ಟೈಮ್'ನ ಆ ಆರ್ಗನ್ ಶುರುವಾತು ಇಟ್ಸ್ ಎ ಬ್ಯೂಟಿಫುಲ್ ಡೇ ಅನ್ನೋ ಅಮೆರಿಕದ ಬ್ಯಾಂಡಿನ 'ಬಾಂಬೆ ಕಾಲಿಂಗ್'ನಿಂದ ಬಂದಿದ್ದು, ಗಿಲನ್ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ. ಬಾಂಬೆ ಅಂದಾಗ ಇನ್ನೊಂದು ನೆನಪಾಯಿತು: 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಬಾಂಬೆಗೆ ಬಂದು ಅಲ್ಲಿನ ವಾದ್ಯಗಾರರ ಜೊತೆ ಎರಡು ಹಾಡು ರೆಕಾರ್ಡ್ ಮಾಡಿದ್ದರು. ಅಧಿಕೃತವಾಗಿ ಹೊರಬಂದಿದ್ದು 2015ರಲ್ಲಿ. ತಪ್ಪದೆ ಕೇಳಿ.

ಬೊನಮ್ 1980ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಉಳಿದ ಮೂವರು ಬ್ಯಾಂಡನ್ನೇ ನಿಲ್ಲಿಸಿದರು. ಅದು ದೊಡ್ಡ ಮಾತು, ಗೌರವ ಇದೆ. ಪರ್ಪಲ್ ಜನ ಬದಲಾಯಿಸುತ್ತಾ, 1976ರಲ್ಲಿ ಒಡೆದು, 1984ರಲ್ಲಿ ಮತ್ತೆ ಕೂಡಿ ನುಡಿಸುತ್ತಲೇ ಬಂತು. ಎಲ್ಲಾ ಕಾಲದಲ್ಲೂ ಇರುವವನು ಪೇಸ್ ಒಬ್ಬನೇ. ಇದನ್ನು ಕೆಲವರು ಕೊರತೆ ಅಂತಾರೆ, ನನಗೆ ಹಾಗನ್ನಿಸುವುದಿಲ್ಲ. ಹಾಗೆ ಮುಂದುವರಿದಿದ್ದರಿಂದಲೇ ಅಲ್ವಾ 2001ರಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದು, ಅದೂ ಲಾರ್ಡ್ ಇನ್ನೂ ಬ್ಯಾಂಡಿನಲ್ಲಿದ್ದಾಗ.

ಹಾಡು ಕಟ್ಟುವುದರಲ್ಲಿ ಝೆಪ್ಪೆಲಿನ್, ನುಡಿಸುವುದರಲ್ಲಿ ಪರ್ಪಲ್. ಒಂದನ್ನೇ ಆರಿಸು ಅಂದರೆ ನನ್ನ ಓಟು ಪರ್ಪಲ್‌ಗೆ, ಯಾಕಂದರೆ ನನಗೆ ಸಂಗೀತದಲ್ಲಿ ಬೇಕಿರುವುದು ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಆ ಕ್ಷಣದಲ್ಲೇ ಉತ್ತರ ಕೊಡುವುದು, ಅದು ಇವರಲ್ಲಿ ಸಿಗುವಷ್ಟು ಬೇರೆ ಯಾವ ರಾಕ್ ಬ್ಯಾಂಡಿನಲ್ಲೂ ನನಗೆ ಸಿಕ್ಕಿಲ್ಲ. ಹೊಸದಾಗಿ ಕೇಳುವವರು 'ಸ್ಮೋಕ್ ಆನ್ ದ ವಾಟರ್'ನಿಂದ ಶುರುಮಾಡಬೇಡಿ, ಅದನ್ನು ಎಲ್ಲೆಲ್ಲೋ ಕೇಳಿ ಕಿವಿ ಹಳಸಿರುತ್ತದೆ. 'ಮೇಡ್ ಇನ್ ಜಪಾನ್'ನ ಮೊದಲ ಹಾಡು 'ಹೈವೇ ಸ್ಟಾರ್' ಹಾಕಿ, ಫೋನಿನ ಸ್ಪೀಕರಿನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನಿನಲ್ಲಿ, ಮತ್ತೆ ಲಾರ್ಡ್‌ನ ಸೋಲೋ ಬಂದಾಗ ಹಿಂದೆ ರಾಜರ್ ಗ್ಲೋವರ್‌ನ ಬೇಸ್ ಏನು ಮಾಡುತ್ತಿದೆ ಅಂತಲೂ ಒಂದು ಸಲ ಗಮನ ಕೊಟ್ಟು ಕೇಳಿ.