5 ವರ್ಷ ಬಳಸಿದ ಮೇಲೆ: ಸ್ನ್ಯಾಪ್ ಟ್ರ್ಯಾಪ್ ಮತ್ತು ಗೋಡೆಯಂಚಿನ ಇಲಿ

ಸ್ನ್ಯಾಪ್ ಟ್ರ್ಯಾಪ್, ಅಂದರೆ ಸ್ಪ್ರಿಂಗ್ ಹೊಡೆತದ ಇಲಿಬೋನು, ನಮ್ಮ ಮನೆಗೆ ಬಂದು 5 ವರ್ಷವಾಯಿತು. ತಂದ ಮೊದಲ ವಾರದಲ್ಲೇ ಇದನ್ನು ಬರೆಯಲು ಕುಳಿತಿದ್ದರೆ "ಉಪಯೋಗವಿಲ್ಲ, ದುಡ್ಡು ದಂಡ" ಎಂದು ಒಂದು ಸಾಲು ಗೀಚಿ, ಒಂದೇ ಸ್ಟಾರ್ ಕೊಟ್ಟು ಏಳುತ್ತಿದ್ದೆ. ಈಗ ಕೇಳಿದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬೋನು ಅದೇ, ಇಡುವ ರೀತಿ ಬದಲಾಯಿತು.

ಮೊದಲ ಸಲ ಮರದ ಹಲಗೆಯ 4 ಬೋನು ತಂದಿದ್ದೆ. ಎರಡನ್ನು ಅಡುಗೆಮನೆಯ ನಟ್ಟನಡುವೆ ಇಟ್ಟೆ, ಇನ್ನೆರಡನ್ನು ಊಟದ ಮೇಜಿನ ಕೆಳಗೆ. ಒಂದೊಂದರ ಮೇಲೂ ಗೋಲಿಯಷ್ಟು ದಪ್ಪದ ಚೀಸ್ ತುಂಡು. 10 ದಿನ ಕಳೆದರೂ ಒಂದು ಇಲಿಯೂ ಬೀಳಲಿಲ್ಲ. ಹಿಕ್ಕೆ ಮಾತ್ರ ದಿನಾ ಬೆಳಿಗ್ಗೆ ಒಲೆಯ ಹಿಂದೆ, ಡಬ್ಬಿಗಳ ಸಂದಿನಲ್ಲಿ, ಸಿಂಕಿನ ಕೆಳಗೆ ಹೊಸದಾಗಿ ಬಿದ್ದಿರುತ್ತಿತ್ತು. ಅಮ್ಮ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಸಾಕಾಗಿ, "ಇದು ಇಲಿ ಹಿಡಿಯೋ ಬೋನಲ್ಲ ಕಣೋ, ಇಲಿಗೆ ಊಟ ಇಡೋ ತಟ್ಟೆ" ಎಂದರು. ಅವರ ಕಷ್ಟ ನೋಡಿ ನನಗೆ ನಿಜಕ್ಕೂ ಬೇಸರವಾಗಿತ್ತು.

11ನೆಯ ರಾತ್ರಿ ಮಲಗುವ ಮುಂಚೆ ಅಡುಗೆಮನೆಯ ನೆಲದ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ದೀಪ ಹಾಕದೆ, ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿದೆ. ಎಲ್ಲವೂ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಮುಂಗಾಲಿನ 4 ಬೆರಳು, ಹಿಂಗಾಲಿನ 5 ಬೆರಳು, ನಡುನಡುವೆ ಬಾಲ ಎಳೆದ ಕೂದಲೆಳೆಯಂಥ ಗೀರು. ಅಷ್ಟೂ ಹೆಜ್ಜೆಗಳು ಗೋಡೆಯ ಬುಡಕ್ಕೆ ಅಂಟಿಕೊಂಡಂತೆ, ಮೂರು ಬೆರಳಗಲದ ಪಟ್ಟಿಯಲ್ಲೇ ಸಾಗಿದ್ದವು. ಸಿಂಕಿನ ಕೊಳವೆಯ ಪಕ್ಕದಿಂದ ಹೊರಟು, ಮೂಲೆ ತಿರುಗಿ, ಒಲೆಯ ಹಿಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್. ನಡುವಿನ ನೆಲದಲ್ಲಿ ಒಂದು ಗುರುತೂ ಇರಲಿಲ್ಲ. ನನ್ನ ಬೋನುಗಳಿದ್ದದ್ದು ಅಲ್ಲಿ.

ಇಲಿಯ ಕಣ್ಣು ಮಂದ. ಮೀಸೆಯನ್ನು, ಮೈಯ ಕೂದಲನ್ನು ಗೋಡೆಗೆ ತಾಗಿಸಿಕೊಂಡೇ ಅದು ದಾರಿ ಹಿಡಿಯುತ್ತದೆ. ಬಯಲಿಗೆ ಬಂದರೆ ಅದಕ್ಕೆ ಪ್ರಾಣಭಯ. ದೊಡ್ಡ ಜಾತಿಯ ಇಲಿಗಳು (ರ‍್ಯಾಟ್) ಓಡಾಡುವ ಕಡೆ ಗೋಡೆಯ ಬುಡದಲ್ಲಿ ಮೈಯ ಜಿಡ್ಡು ಹತ್ತಿ ಕಪ್ಪನೆಯ ಪಟ್ಟೆಯೇ ಬಿದ್ದಿರುತ್ತದೆ. ಆ ದಿನ ನಾಲ್ಕೂ ಬೋನುಗಳನ್ನು ಗೋಡೆಗೆ ತಂದು, ಅಡ್ಡವಾಗಿ, ಅಂದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ, ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ ಇಟ್ಟೆ. ಎಡಗಡೆಯಿಂದ ಬಂದರೂ ಬಲಗಡೆಯಿಂದ ಬಂದರೂ ಇಲಿ ಅದರ ಮೇಲೇ ಕಾಲಿಡಬೇಕು. ಗೋಡೆಗುಂಟ ಉದ್ದಕ್ಕೆ ಇಡುವುದಾದರೆ ಒಂದು ಬೋನು ಸಾಲದು, ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು, ತಿಂಡಿ ಹೊರಮುಖವಾಗಿ ಇಡಬೇಕು. ರಾತ್ರಿ ಹನ್ನೊಂದೂವರೆಗೆ "ಟಪ್" ಎಂದು ಮೊದಲ ಸದ್ದು ಕೇಳಿತು. ಬೆಳಗಾಗುವುದರೊಳಗೆ ಇನ್ನೊಂದು.

ತಿಂಡಿಯ ವಿಷಯದಲ್ಲೂ ನಾನು ಅಂದುಕೊಂಡಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಚಿತ್ರಗಳಲ್ಲಿ ಇಲಿ ಎಂದರೆ ಚೀಸ್. ಮನೆಯ ಇಲಿಗೆ ಹೆಚ್ಚು ರುಚಿಸುವುದು ಕಾಳು, ಬೀಜ, ಎಣ್ಣೆಯಂಶ ಇರುವ ಪದಾರ್ಥ. ಕಡಲೆಕಾಯಿ ಬೆಣ್ಣೆ ನನಗೆ ಒಂದು ಸಲವೂ ಕೈಕೊಟ್ಟಿಲ್ಲ. ಆದರೆ ಅದನ್ನು ಒಂದು ಬಟಾಣಿಯಷ್ಟು ಕೂಡ ಹಾಕಬೇಕಿಲ್ಲ, ಕಡ್ಡಿಯ ತುದಿಯಲ್ಲಿ ಸವರಿ ಒತ್ತಿದರೆ ಸಾಕು. ಹೆಚ್ಚು ಹಾಕಿದರೆ ಅಂಚಿನಿಂದಲೇ ನೆಕ್ಕಿ ಹೋಗುತ್ತದೆ, ತಿಂಡಿ ಹಿಡಿದಿರುವ ಕೊಕ್ಕೆ ಅಲುಗುವುದೇ ಇಲ್ಲ, ಬೋನು ಬಡಿಯುವುದಿಲ್ಲ. ಗಟ್ಟಿ ಕಾಳಾದರೆ ದಾರದಿಂದ ಬಿಗಿಯಾಗಿ ಕಟ್ಟುತ್ತೇನೆ, ಇಲಿ ಎಳೆಯಲೇಬೇಕಾಗುತ್ತದೆ. ಚಿಕ್ಕ ಜಾತಿಯ ಇಲಿಗಳಿಗೆ (ಮೌಸ್) ಹತ್ತಿಯ ಎಳೆ, ನೂಲಿನ ಚೂರು ಕಟ್ಟಿದರೂ ನಡೆಯುತ್ತದೆ, ಗೂಡಿಗೆಂದು ಎಳೆಯಲು ಬರುತ್ತವೆ. ತಿನ್ನಲು ಬೇಕಾದಷ್ಟು ಸಿಗುವ ಉಗ್ರಾಣದಲ್ಲಿ ನನಗೆ ಫಲ ಕೊಟ್ಟಿದ್ದು ಹತ್ತಿಯೇ.

ಚಿಕ್ಕ ಇಲಿಗೂ ದೊಡ್ಡ ಇಲಿಗೂ ಸ್ವಭಾವ ಬೇರೆ ಎನ್ನುವುದು ಎರಡನೆಯ ವರ್ಷದ ಪಾಠ. ಚಿಕ್ಕದು ಕುತೂಹಲದ ಪ್ರಾಣಿ. ಹೊಸ ವಸ್ತು ಕಂಡರೆ ಮೂಸಿ ನೋಡುತ್ತದೆ, ಆದ್ದರಿಂದ ಮೊದಲ ರಾತ್ರಿಯೇ ಬೀಳುತ್ತದೆ. ದೊಡ್ಡ ಇಲಿ ಹಾಗಲ್ಲ. ಹೊಸದೇನಾದರೂ ದಾರಿಯಲ್ಲಿ ಕಂಡರೆ ದಿನಗಟ್ಟಲೆ ದೂರವೇ ಸುತ್ತುತ್ತದೆ. ಅಟ್ಟದಲ್ಲಿ ದೊಡ್ಡ ಇಲಿ ಸೇರಿಕೊಂಡಾಗ ನಾನು ಆತುರಪಟ್ಟು ಮೊದಲ ದಿನವೇ ಬೋನು ಎಳೆದಿಟ್ಟೆ, ಅಂದರೆ ಸರಳು ಎಳೆದು ಬಡಿಯಲು ಸಿದ್ಧ ಮಾಡಿದೆ. ಒಂದು ಇಲಿಯ ಬಾಲಕ್ಕೆ ಏಟು ಬಿದ್ದು ತಪ್ಪಿಸಿಕೊಂಡಿತು. ಆಮೇಲೆ ಆ ಜಾಗದತ್ತ ಮೂರು ವಾರ ಒಂದೂ ಸುಳಿಯಲಿಲ್ಲ. ಮುಂದಿನ ಸಲ ಬೋನುಗಳನ್ನು ಎಳೆಯದೆ, ತಿಂಡಿ ಮಾತ್ರ ಸವರಿ ಒಂದು ವಾರ ಸುಮ್ಮನೆ ಬಿಟ್ಟೆ. ಮೊದಲ ನಾಲ್ಕು ದಿನ ಮುಟ್ಟಲಿಲ್ಲ, ಐದನೆಯ ದಿನ ಒಂದರಲ್ಲಿ ತಿಂಡಿ ಖಾಲಿ, ಏಳನೆಯ ದಿನ ಅಷ್ಟರಲ್ಲೂ ಖಾಲಿ. ಎಂಟನೆಯ ರಾತ್ರಿ ಎಲ್ಲವನ್ನೂ ಒಟ್ಟಿಗೆ ಎಳೆದಿಟ್ಟೆ. ಎರಡು ಬಿದ್ದವು, ಅಟ್ಟದ ಸದ್ದು ಅಲ್ಲಿಗೆ ನಿಂತಿತು. ದೊಡ್ಡ ಇಲಿಗೆ ಈ ಒಂದು ವಾರದ ತಾಳ್ಮೆ ಇಲ್ಲದಿದ್ದರೆ ಬೋನು ಕೊಳ್ಳುವುದೇ ಬೇಡ.

ಯಾವ ಇಲಿ ಎಂದು ತಿಳಿಯಲು ಹಿಕ್ಕೆ ನೋಡಿದರೆ ಸಾಕು. ಅಕ್ಕಿಕಾಳಿನಷ್ಟು ಚಿಕ್ಕದಾಗಿ, 3ರಿಂದ 6 ಮಿಲಿಮೀಟರ್ ಉದ್ದವಿದ್ದರೆ ಚಿಕ್ಕ ಇಲಿ. 12 ಮಿಲಿಮೀಟರ್ ದಾಟಿದರೆ ದೊಡ್ಡದು. ಬೋನಿನ ಅಳತೆಯೂ ಇದರ ಮೇಲೇ ನಿಲ್ಲುತ್ತದೆ. ಚಿಕ್ಕ ಬೋನಿಗೆ ದೊಡ್ಡ ಇಲಿ ಬಿದ್ದರೆ ಸಾಯುವುದಿಲ್ಲ, ಗಾಯಗೊಂಡು ಬೋನಿನ ಸಮೇತ ಯಾವುದೋ ಸಂದಿಗೆ ಹೋಗುತ್ತದೆ.

ನನ್ನ ಮನಸ್ಸನ್ನು ಈಗಲೂ ಚುಚ್ಚುವ ಒಂದು ಘಟನೆ ಹೇಳಲೇಬೇಕು. ಮೂರನೆಯ ವರ್ಷ ಪ್ಲಾಸ್ಟಿಕ್ಕಿನ ಆರು ಬೋನುಗಳ ಒಂದು ಸೆಟ್ ತರಿಸಿದೆ. ಕಂಪನಿಯ ಹೆಸರು ಬೇಡ. ನೋಡಲು ಚೆನ್ನಾಗಿತ್ತು, ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಹಿಂಬದಿ ಒತ್ತಿದರೆ ಬಾಯಿ ತೆರೆಯುತ್ತಿತ್ತು. ಒಂದು ಬೆಳಿಗ್ಗೆ ಸಿಂಕಿನ ಕೆಳಗೆ ಸಣ್ಣ ಕೀಚಲು ಸದ್ದು. ಬಗ್ಗಿ ನೋಡಿದರೆ ಇಲಿಯ ಮುಂಗಾಲು ಮಾತ್ರ ಬೋನಿನ ಹಲ್ಲಿನ ನಡುವೆ ಸಿಕ್ಕಿತ್ತು. ಎಷ್ಟು ಹೊತ್ತಿನಿಂದ ಒದ್ದಾಡುತ್ತಿತ್ತೋ, ನೆಲದ ಮೇಲೆ ಬೋನು ಎಳೆದಾಡಿದ ಗೀರುಗಳಿದ್ದವು. ಅದರ ನರಳಾಟವನ್ನು ನಾನೇ ಮುಗಿಸಬೇಕಾಯಿತು. ಇಲಿ ಮನೆಯಲ್ಲಿ ಇರಬಾರದು ಎನ್ನುವುದು ಸರಿ. ಆದರೆ ಕೊಲ್ಲುವುದೇ ಆದರೆ ಕ್ಷಣದಲ್ಲಿ ಆಗಬೇಕು, ಅದರ ಹೊಣೆ ಬೋನು ಇಟ್ಟವನದೇ. ನಾನು ಸ್ನ್ಯಾಪ್ ಟ್ರ್ಯಾಪ್ ಆರಿಸಿಕೊಂಡದ್ದೇ ಆ ಕಾರಣಕ್ಕೆ.

ಅಂದಿನಿಂದ ಪ್ರತಿ ಬೋನನ್ನೂ ಇಡುವ ಮುಂಚೆ ಪರೀಕ್ಷೆ ಮಾಡುತ್ತೇನೆ. ಹಳೆಯ ಪೆನ್ಸಿಲ್ಲಿನಿಂದ ಕೊಕ್ಕೆಯನ್ನು ಮೆಲ್ಲಗೆ ಮುಟ್ಟುವುದು. ಒಳ್ಳೆಯ ಬೋನಾದರೆ ಮುಟ್ಟಿದ ತಕ್ಷಣ ಬಡಿದು ಪೆನ್ಸಿಲ್ಲಿನ ಮರದಲ್ಲಿ ಹಳ್ಳ ಬೀಳುತ್ತದೆ, ಕೈಗೆ ಜುಂ ಎನ್ನುತ್ತದೆ. ಆ ಸೆಟ್ಟಿನ ಆರರಲ್ಲಿ ಎರಡು ಪೆನ್ಸಿಲ್ಲನ್ನು ಸುಮ್ಮನೆ ಹಿಡಿದುಕೊಂಡವು, ಅಷ್ಟೇ. ಅವನ್ನು ಬಿಸಾಡಿದೆ. ಇನ್ನೆರಡರ ಕೀಲು ಒಂದೂವರೆ ವರ್ಷದಲ್ಲಿ ಬಿರುಕು ಬಿಟ್ಟಿತು. ಉಳಿದ ಎರಡು ಇವತ್ತಿಗೂ ಗಟ್ಟಿಯಾಗಿವೆ. ತೊಳೆಯಲು ಸುಲಭ, ಸತ್ತ ಇಲಿಯನ್ನು ಮುಟ್ಟದೆ ಬೀಳಿಸಬಹುದು, ಬೆರಳಿಗೆ ಏಟು ಬೀಳುವ ಭಯವೂ ಕಡಿಮೆ.

ಮರದ ಬೋನು ಎಳೆದಿಡುವಾಗ ಮೊದಮೊದಲು ಎದೆ ಢವಢವ ಎನ್ನುತ್ತದೆ. ಸರಳನ್ನು ಹಿಂದಕ್ಕೆ ಎಳೆದು ಹೆಬ್ಬೆರಳಿನಿಂದ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಸರಳನ್ನು ತಡೆಹಿಡಿಯುವ ಕಡ್ಡಿಯನ್ನು ಕೊಕ್ಕೆಯ ತುದಿಗೆ ಸಿಕ್ಕಿಸಬೇಕು. ಸಿಂಕಿನ ಹತ್ತಿರದ ತೇವಕ್ಕೆ ಹಲಗೆ ಸೊಟ್ಟಗಾಗುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಆದರೂ ಏಟಿನ ಬಿರುಸಿನಲ್ಲಿ ನನ್ನಲ್ಲಿರುವ ಯಾವುದೂ ಇದಕ್ಕೆ ಸಮನಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ವಿಲಿಯಂ ಹೂಕರ್ ಎಂಬಾತ ಈ ಬಗೆಯ ಬೋನಿಗೆ ಪೇಟೆಂಟ್ ಪಡೆದದ್ದು 1894ರಲ್ಲಿ. ಹಲಗೆ, ಸ್ಪ್ರಿಂಗ್, ಸರಳು, ಕಡ್ಡಿ, ಕೊಕ್ಕೆ, ಇಂದಿಗೂ ಅದೇ ಐದು ಭಾಗ. ಸಡಿಲವಾದರೆ ಇಕ್ಕಳದಿಂದ ನಾನೇ ಬಿಗಿ ಮಾಡಿಕೊಳ್ಳುತ್ತೇನೆ. ಮೊದಲು ತಂದ ನಾಲ್ಕರಲ್ಲಿ ಮೂರು ಇನ್ನೂ ಕೆಲಸ ಮಾಡುತ್ತಿವೆ. ಕೊಳ್ಳುವಾಗ ಕೊಕ್ಕೆಯ ಬದಲು ಅಗಲವಾದ ಮೆಟ್ಟುಹಲಗೆ ಇರುವುದನ್ನು ಆರಿಸಿ, ತಿಂಡಿ ಮುಟ್ಟದೆ ಸುಮ್ಮನೆ ದಾಟಿದರೂ ಬಡಿಯುತ್ತದೆ.

ಇದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಪಾಷಾಣ ಇಡುತ್ತಿದ್ದರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈಗಿನ ವಿಷಗಳು ತಿಂದ ಇಲಿ ಸಾಯುವುದು ಹಲವು ದಿನಗಳ ಮೇಲೆ, ಅದೂ ಎಲ್ಲೋ ಒಳಗೆ ಹೋಗಿ. ಬೀರುವಿನ ಹಿಂದೆ ಸತ್ತ ಇಲಿಯ ವಾಸನೆಯನ್ನು ಎರಡು ವಾರ ಸಹಿಸಿದ್ದೇವೆ. ಆ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ವಿಷ ಅದಕ್ಕೂ ಏರುತ್ತದೆ. ಅಂಟಿನ ಹಲಗೆಯಂತೂ ನನಗೆ ಬೇಡವೇ ಬೇಡ. ಜೀವಂತ ಪ್ರಾಣಿ ಗಂಟೆಗಟ್ಟಲೆ ಅಂಟಿಕೊಂಡು ಚರ್ಮ ಕಿತ್ತುಕೊಳ್ಳುವುದನ್ನು ನೋಡಲಾರೆ. ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಸಾರ್ವಜನಿಕರು ಅದನ್ನು ಬಳಸುವುದೇ ಅಪರಾಧ.

ಮನೆಯಲ್ಲಿ ಮಗುವೋ ಬೆಕ್ಕೋ ಇದ್ದರೆ ಬೋನನ್ನು ಬರಿದೇ ನೆಲದ ಮೇಲೆ ಇಡಬೇಡಿ. ನಾನು ಗಟ್ಟಿ ಮರದ ಪೆಟ್ಟಿಗೆಯ ಎರಡೂ ತುದಿಗೆ ಇಲಿ ನುಗ್ಗುವಷ್ಟು ತೂತು ಮಾಡಿ, ಮುಚ್ಚಳಕ್ಕೆ ಕೊಂಡಿ ಹಾಕಿ, ಗೋಡೆಗೆ ಒತ್ತಿ ಇಡುತ್ತೇನೆ. ಕತ್ತಲೆ ಸುರಂಗದಂತಿರುವುದರಿಂದ ಇಲಿ ಅದರೊಳಗೆ ಧೈರ್ಯವಾಗಿಯೇ ಹೋಗುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ ಬೋನು ನೋಡುವುದು. ಕೈಗೆ ರಬ್ಬರ್ ಗ್ಲೌಸ್, ಇಲಿಯ ಮೇಲೂ ಬೋನಿನ ಮೇಲೂ ಬ್ಲೀಚಿಂಗ್ ದ್ರಾವಣ ಸಿಂಪಡಿಸಿ 5 ನಿಮಿಷ ಬಿಟ್ಟು, ಎರಡು ಕವರಿನಲ್ಲಿ ಕಟ್ಟಿ ಹಾಕುತ್ತೇನೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಹಿಕ್ಕೆಯನ್ನೂ ಹಾಗೆಯೇ ನೆನೆಸಿ ಒರೆಸಬೇಕು. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ಅದರ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ, ಇಲಿಗಳಿಂದ ಬರುವ ಹಂಟಾವೈರಸ್ ಎಂಬ ರೋಗಾಣು ಹರಡುವುದು ಹಾಗೆಯೇ. ಮೂತ್ರದಿಂದ ಇಲಿಜ್ವರ ಬರುತ್ತದೆ. ಅಮ್ಮ ಮೊದಲು ಬರಿಗೈಯಲ್ಲಿ ಎಲ್ಲ ಗುಡಿಸುತ್ತಿದ್ದರು ಎಂದು ನೆನೆದರೆ ಈಗಲೂ ಮೈ ಝುಂ ಎನ್ನುತ್ತದೆ.

ಇಷ್ಟಾದರೂ ಮೊದಲ ವರ್ಷ 23 ಇಲಿ ಹಿಡಿದೆ, ಕಾಟ ತಪ್ಪಲಿಲ್ಲ. ಚಿಕ್ಕ ಇಲಿ ಸುಮಾರು 3 ವಾರಕ್ಕೆ ಈಯುತ್ತದೆ, ಒಂದು ಸೂಲಿಗೆ ಐದಾರು ಮರಿ, ಆ ಮರಿಗಳು ಆರೇಳು ವಾರಕ್ಕೆ ತಾವೇ ಮರಿ ಹಾಕಲು ಸಿದ್ಧ. ದಿನಕ್ಕೊಂದು ಬೋನು ಇಟ್ಟುಕೊಂಡು ಈ ಲೆಕ್ಕವನ್ನು ಮುಟ್ಟುವುದಕ್ಕಾಗುವುದಿಲ್ಲ. ಚಿಕ್ಕ ಇಲಿ ಗೂಡಿನಿಂದ ಸಾಮಾನ್ಯವಾಗಿ 10 ಮೀಟರ್ ಆಚೆಗೆ ಹೋಗದು, ಹಾಗಾಗಿ ಹಿಕ್ಕೆ ಕಂಡ ಕಡೆಯೆಲ್ಲ ಎರಡು ಮೂರು ಮೀಟರಿಗೊಂದರಂತೆ ಒಂದೇ ರಾತ್ರಿ ಎಂಟು ಹತ್ತು ಬೋನು ಇಟ್ಟೆ. ಕೊನೆಯ ಇಲಿ ಬಿದ್ದ ಮೇಲೂ ಎರಡು ವಾರ ತೆಗೆಯಲಿಲ್ಲ.

ಆಮೇಲೆ ಮಾಡಿದ್ದು ಪೌಡರಿನ ಹೆಜ್ಜೆ ಶುರುವಾಗಿದ್ದ ಸಿಂಕಿನ ಕೊಳವೆಯ ಸಂದು ಮುಚ್ಚುವ ಕೆಲಸ. ಅದು ನೋಡಲು ಏನೂ ಅಲ್ಲದ ತೂತು. ಆದರೆ ಪೆನ್ಸಿಲ್ ತೂರುವಷ್ಟು, ಸುಮಾರು 6 ಮಿಲಿಮೀಟರ್, ಜಾಗವಿದ್ದರೆ ಚಿಕ್ಕ ಇಲಿಗೆ ಅದು ಬಾಗಿಲು. ಉಕ್ಕಿನ ನಾರು ತುರುಕಿ, ಮೇಲೆ ಸಿಮೆಂಟ್ ಮೆತ್ತಿದೆ. ಬರೀ ಫೋಮ್ ತುಂಬಿದ್ದ ಇನ್ನೊಂದು ಸಂದನ್ನು ಒಂದು ತಿಂಗಳಲ್ಲಿ ಕಡಿದು ಹಾಕಿದ್ದವು, ಅದನ್ನೂ ಹೀಗೆಯೇ ಮುಚ್ಚಿದೆ. ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಸಿದೆ. ಮರು ವರ್ಷ ಅಡುಗೆಮನೆಯಲ್ಲಿ ಬಿದ್ದದ್ದು 4. ಕಳೆದ ವರ್ಷ ಒಂದೇ ಒಂದು, ಅದೂ ಬಾಗಿಲು ತೆರೆದಿಟ್ಟ ಸಂಜೆ ನುಗ್ಗಿದ್ದು.

ಈಗ ಸಿಂಕಿನ ಕೆಳಗೆ ಒಂದು ಮರದ ಬೋನು, ಉಗ್ರಾಣದಲ್ಲಿ ಒಂದು ಪ್ಲಾಸ್ಟಿಕ್ಕಿನದು ಯಾವಾಗಲೂ ಎಳೆದೇ ಇರುತ್ತವೆ. ತಿಂಗಳಿಗೊಮ್ಮೆ ತಿಂಡಿ ಬದಲಿಸಿ, ಪೆನ್ಸಿಲ್ ಮುಟ್ಟಿಸಿ ನೋಡಿ, ಮತ್ತೆ ಗೋಡೆಗೆ ತಾಗಿಸಿ ಇಡುತ್ತೇನೆ. ಈ ತಿಂಗಳು ಸಿಂಕಿನ ಕೆಳಗಿನದರ ಸ್ಪ್ರಿಂಗಿಗೆ ಎಣ್ಣೆ ಬಿಟ್ಟೆ. ಅಮ್ಮ ಡಬ್ಬಿಗಳನ್ನು ಮತ್ತೆ ಕೆಳಗಿನ ಹಲಗೆಗೇ ಇಟ್ಟುಕೊಂಡಿದ್ದಾರೆ.